ಕಂಪ್ರೆಸರ್ ಸತ್ತ ಮೇಲೆ ಪೈಪಿನೊಳಗೆ ಉಳಿದದ್ದು

ಮೊದಲು ಕೇಳಿಸಿದ್ದು ಕರಕರ ಸದ್ದು. ಕಾರಿನ ಎಸಿ ಆಫ್ ಮಾಡಿದರೆ ನಿಲ್ಲುತ್ತಿತ್ತು, ಆನ್ ಮಾಡಿದರೆ ಮತ್ತೆ ಶುರು. ತಂಪು ಇನ್ನೂ ಬರ್ತಾ ಇದೆ ಅಲ್ವಾ ಅಂತ ಕಾರನ್ನು ಎರಡು ದಿನ ಹಾಗೇ ಓಡಿಸಿದೆ. ಮೂರನೇ ದಿನ, ಎಸಿ ಗ್ಯಾಸನ್ನು ಒತ್ತಿ ಪೈಪುಗಳಲ್ಲಿ ತಿರುಗಿಸುವ ಕಂಪ್ರೆಸರ್ ಪೂರ್ತಿ ಜಾಮ್ ಆಯಿತು. ಒಳಗೆ ಸವೆದ ಲೋಹದ ಪುಡಿಯನ್ನೆಲ್ಲ ಆ ಎರಡು ದಿನದಲ್ಲಿ ನಾನೇ ಪೈಪುಗಳಿಗೆ ತುಂಬಿಸಿದ ಹಾಗಾಯಿತು.

ರಿಪೇರಿಗೆ ಬಿಚ್ಚುವ ಮೊದಲು ಒಳಗಿನ ಗ್ಯಾಸನ್ನು ಸುಮ್ನೆ ಗಾಳಿಗೆ ಬಿಡುವಂತಿಲ್ಲ. ಎಸಿಯಲ್ಲಿ ತಂಪು ಮಾಡುವ ಈ ಆರ್-134ಎ ಗ್ಯಾಸು ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಅದಕ್ಕೆ ಗ್ಯಾಸನ್ನು ಹೀರಿ ಹಿಡಿದಿಡುವ ರಿಕವರಿ ಯಂತ್ರ ಇರುವ ಕಡೆ ತೆಗೆಸಿದೆ. ಬಾನೆಟ್ಟಿನ ಸ್ಟಿಕರ್ ಪ್ರಕಾರ 500 ಗ್ರಾಂ ಇರಬೇಕು, ಬಂದದ್ದು 280. ಕಂಪ್ರೆಸರ್ ಯಾಕೆ ಸತ್ತಿತು ಅನ್ನೋದು ಅಲ್ಲೇ ಗೊತ್ತಾಯಿತು. ಈ ವ್ಯವಸ್ಥೆಯಲ್ಲಿ ಆಯಿಲನ್ನು ಹೊತ್ತು ತಿರುಗುವುದೇ ಗ್ಯಾಸು. ಗ್ಯಾಸು ಕಡಿಮೆಯಾದರೆ ಆಯಿಲ್ ಕಂಪ್ರೆಸರಿಗೆ ಸರಿಯಾಗಿ ವಾಪಸ್ ಬರುವುದಿಲ್ಲ. ಹುಡುಕಿದಾಗ ಕಂಡೆನ್ಸರಿನ (ಗ್ಯಾಸಿನ ಬಿಸಿಯನ್ನು ಹೊರಹಾಕುವ ಭಾಗ) ಒಂದು ಜಾಯಿಂಟಿನ ಸುತ್ತ ಜಿಡ್ಡು, ಅದರ ಮೇಲೆ ಧೂಳು. ಲೀಕ್ ಅಲ್ಲಿತ್ತು.

ಬಿಚ್ಚಿದ ಕಂಪ್ರೆಸರಿನಿಂದ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಸುರಿದೆ. ಕಪ್ಪಗಿತ್ತು, ಬಿಸಿಲಿಗೆ ಹಿಡಿದರೆ ಮಿಣಮಿಣ ಹೊಳೆಯುತ್ತಿತ್ತು. ಎಕ್ಸ್‌ಪಾನ್ಶನ್ ವಾಲ್ವಿನ (ಕೂಲಿಂಗ್ ಕಾಯಿಲಿಗೆ ಗ್ಯಾಸನ್ನು ಸಣ್ಣ ಕಿಂಡಿಯಿಂದ ಬಿಡುವ ಭಾಗ) ಬಾಯಿಯಲ್ಲೂ ಅದೇ ಕೆಸರು. ಅದನ್ನು ತೊಳೆಯುವ ಯೋಚನೆಯನ್ನೇ ಮಾಡಲಿಲ್ಲ, ಹೊಸದು ಹಾಕಿದೆ.

ಕಂಡೆನ್ಸರಿಗೆ ಮಾತ್ರ ಆಸೆಪಟ್ಟೆ. ಜಾಯಿಂಟನ್ನು ಸರಿಮಾಡಿ ಉಳಿಸಿಕೊಳ್ಳೋಣ ಅಂತ ಒಳಗೆ ದ್ರಾವಣ ಹಾಯಿಸಿ ಮೂರು ಸಲ ಫ್ಲಶ್ ಮಾಡಿದೆ. ಮೂರನೇ ಸಲವೂ ಬಟ್ಟೆಯ ಮೇಲೆ ಹೊಳಪು ಬಿತ್ತು. ಈಗಿನ ಕಂಡೆನ್ಸರುಗಳಲ್ಲಿ ಚಪ್ಪಟೆ ಕೊಳವೆಗಳು ಅಕ್ಕಪಕ್ಕ ಇರುತ್ತವೆ, ಒಂದೊಂದರ ಒಳಗೂ ಕೂದಲೆಳೆಯಂಥ ದಾರಿಗಳು. ದ್ರಾವಣ ತೆರೆದ ದಾರಿಯಲ್ಲೇ ಹರಿದುಹೋಗುತ್ತದೆ, ಕಟ್ಟಿಕೊಂಡ ದಾರಿ ಹಾಗೇ ಉಳಿಯುತ್ತದೆ. ಕೊನೆಗೆ ಹೊಸದನ್ನೇ ತಂದೆ.

ಕೂಲಿಂಗ್ ಕಾಯಿಲ್ ಮತ್ತು ಪೈಪುಗಳನ್ನು ಎರಡೂ ದಿಕ್ಕಿನಿಂದ ತೊಳೆದೆ. ಪೆಟ್ರೋಲ್, ಥಿನ್ನರ್ ಹಾಕುವವರನ್ನು ನೋಡಿದ್ದೇನೆ. ಬೇಡ, ಎಸಿ ಫ್ಲಶ್ ದ್ರಾವಣವನ್ನೇ ಬಳಸಿ. ಆಮೇಲೆ ವಾಸನೆ ಪೂರ್ತಿ ಹೋಗುವ ತನಕ ಒಣ ನೈಟ್ರೋಜನ್ ಊದಬೇಕು. ಒಳಗೆ ಉಳಿದ ದ್ರಾವಣ ಹೊಸ ಆಯಿಲನ್ನು ತೆಳುವಾಗಿಸುತ್ತದೆ.

ಎಲ್ಲ ತೊಳೆದದ್ದರಿಂದ ಆಯಿಲನ್ನು ಪೂರ್ತಿ ಹೊಸದಾಗಿ ಅಳೆದು ಹಾಕಬೇಕಿತ್ತು. ಹೊಸ ಕಂಪ್ರೆಸರಿನಲ್ಲೂ ಸ್ವಲ್ಪ ತುಂಬಿಸಿಯೇ ಕಳಿಸಿರುತ್ತಾರೆ. ಅದನ್ನು ಬಗ್ಗಿಸಿ ತೆಗೆದು, ಮ್ಯಾನುಯಲ್ ಹೇಳಿದ ದರ್ಜೆಯ ಪಿಎಜಿ ಆಯಿಲನ್ನು (ಎಸಿ ಕಂಪ್ರೆಸರಿಗೆ ಹಾಕುವ ಸಿಂಥೆಟಿಕ್ ಆಯಿಲ್) ಹೇಳಿದಷ್ಟೇ ಹಾಕಿದೆ. ಫಿಟ್ ಮಾಡಿದ ಮೇಲೆ ಕಂಪ್ರೆಸರಿನ ಕ್ಲಚ್ಚಿನ ಮುಂಭಾಗವನ್ನು ಕೈಯಿಂದ ಹತ್ತು ಹನ್ನೆರಡು ಸುತ್ತು ತಿರುಗಿಸಿದೆ. ಅದರ ಸಿಲಿಂಡರಿನಲ್ಲಿ ಆಯಿಲ್ ನಿಂತಿದ್ದರೆ, ಬೆಲ್ಟ್ ಎಳೆದ ಮೊದಲ ಕ್ಷಣದಲ್ಲೇ ವಾಲ್ವ್ ಮುರಿಯಬಹುದು.

ಜಾಯಿಂಟುಗಳ ಓ ರಿಂಗುಗಳೆಲ್ಲ (ರಬ್ಬರ್ ಉಂಗುರಗಳು) ಹೊಸವು, ಆಯಿಲ್ ಸವರಿ ಕೂರಿಸಿದ್ದು. ಒಳಗಿನ ತೇವ ಹೀರುವ ಡ್ರೈಯರಿನ ಮುಚ್ಚಳವನ್ನು ಎಲ್ಲಕ್ಕಿಂತ ಕೊನೆಗೆ ತೆಗೆದು ಫಿಟ್ ಮಾಡಿದೆ. ಮೊದಲೇ ತೆಗೆದಿಟ್ಟರೆ ಅದು ಗಾಳಿಯ ತೇವವನ್ನೇ ಕುಡಿದು ಕೂರುತ್ತದೆ.

ನೈಟ್ರೋಜನ್ ತುಂಬಿ ಸೋಪಿನ ನೊರೆ ಹಚ್ಚಿ ನೋಡಿದೆ, ಎಲ್ಲೂ ಗುಳ್ಳೆ ಇಲ್ಲ. ಆಮೇಲೆ 45 ನಿಮಿಷ ವ್ಯಾಕ್ಯೂಮ್, ಅಂದರೆ ಪಂಪಿನಿಂದ ಒಳಗಿನ ಗಾಳಿ ಎಳೆಯುವುದು. ಒತ್ತಡ ಅಷ್ಟು ಇಳಿದರೆ ಮಾಮೂಲಿ ಸೆಕೆಯಲ್ಲೇ ನೀರು ಕುದಿದು ಆವಿಯಾಗಿ ಹೊರಗೆ ಬರುತ್ತದೆ. ವಾಲ್ವ್ ಮುಚ್ಚಿ ಅರ್ಧ ಗಂಟೆ ಕಾದೆ, ಮುಳ್ಳು ಅಲುಗಲಿಲ್ಲ. ಗ್ಯಾಸನ್ನು ತಕ್ಕಡಿಯ ಮೇಲಿಟ್ಟು 500 ಗ್ರಾಂ ತುಂಬಿದೆ. ಬರೀ ಗೇಜ್ ನೋಡಿ ತುಂಬಿದರೆ ಅದು ಅಂದಾಜು ಅಷ್ಟೇ, ಹೊರಗಿನ ಬಿಸಿಲಿಗೆ ತಕ್ಕಂತೆ ಒತ್ತಡ ಬದಲಾಗುತ್ತದೆ. ಎಸಿ ಓಡಿಸಿದಾಗ ಲೋ ಸೈಡ್ (ಕಂಪ್ರೆಸರಿಗೆ ಗ್ಯಾಸು ಬರುವ ಕಡೆ) ಒತ್ತಡ 32 ಪಿಎಸ್‌ಐ, ಹೈ ಸೈಡ್ (ಅದರಿಂದ ಹೊರಡುವ ಕಡೆ) 210. ಒಳಗೆ ಗಾಳಿ 7 ಡಿಗ್ರಿಗೆ ಇಳಿಯಿತು.

ಹಳೆಯ ಕಂಡೆನ್ಸರನ್ನು ಆಮೇಲೆ ಗರಗಸದಲ್ಲಿ ಕೊಯ್ದು ನೋಡಿದೆ. ಕೆಳಗಿನ ನಾಲ್ಕು ಸಾಲುಗಳಲ್ಲಿ ಬೂದು ಬಣ್ಣದ ಕೆಸರು ಗಟ್ಟಿಯಾಗಿ ಕೂತಿತ್ತು. ಮೂರು ಸಲ ತೊಳೆದ ಮೇಲೂ.