1994ರ ಮಿಲ್ವಾಕಿ ಮ್ಯಾಜಿಕ್ ಟೂರ್ನಿಯನ್ನು ಇಂದು ಮತ್ತೆ ಆಡಿಸುವ ಬಗೆ

‘ಮ್ಯಾಜಿಕ್: ದ ಗ್ಯಾದರಿಂಗ್’ ಕಾರ್ಡ್ ಆಟದ ಮೊದಲ ವಿಶ್ವ ಚಾಂಪಿಯನ್‌ಶಿಪ್ 1994ರ ಆಗಸ್ಟ್‌ನಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ, ಜೆನ್ ಕಾನ್ ಎಂಬ ಆಟಗಳ ಸಮ್ಮೇಳನದ ಭಾಗವಾಗಿ ನಡೆಯಿತು. ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟವನ್ನು ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ ಮಾರುಕಟ್ಟೆಗೆ ತಂದು ಆಗಿನ್ನೂ ಒಂದು ವರ್ಷವಾಗಿತ್ತಷ್ಟೆ. ಅರ್ಹತಾ ಸುತ್ತುಗಳಿರಲಿಲ್ಲ, ಬಂದವರು ಆಡಬಹುದಿತ್ತು, ಸೋತವರು ಅಲ್ಲಿಗೇ ಹೊರಬೀಳುತ್ತಿದ್ದರು. ಕೊನೆಯ ನಾಲ್ವರಲ್ಲಿ ಇಬ್ಬರು ಫ್ರಾನ್ಸಿನವರು, ಒಬ್ಬರು ಬೆಲ್ಜಿಯಂನವರು, ಇನ್ನೊಬ್ಬರು ಆತಿಥೇಯ ದೇಶದವರು. ಫೈನಲ್‌ನಲ್ಲಿ ಅಮೆರಿಕದ ಝ್ಯಾಕ್ ಡೋಲನ್ ಅವರು ಫ್ರಾನ್ಸಿನ ಬೆರ್ತ್ರಾಂ ಲೆಸ್ತ್ರೇ ಅವರನ್ನು ಸೋಲಿಸಿದರು. ಈಗಿನ ಆಟವನ್ನು ಬಲ್ಲ ಎಂಟು ಅಥವಾ ಹದಿನಾರು ಮಂದಿ ಸೇರಿ ಆ ಟೂರ್ನಿಯನ್ನು ಒಂದು ಭಾನುವಾರದಲ್ಲಿ ಮತ್ತೆ ಆಡಬೇಕೆಂದಿದ್ದರೆ, ಸಂಘಟಕರು ಏನೇನು ನಿಗದಿಪಡಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹೆಚ್ಚಿನವರು ಹಳೆಯ ಕಾರ್ಡ್‌ಗಳನ್ನು ಹೊಂದಿಸುವುದರಲ್ಲೇ ಉತ್ಸಾಹ ಕಳೆದುಕೊಂಡು, ನಿಯಮಗಳನ್ನು ಮಾತ್ರ ಇಂದಿನವನ್ನೇ ಇಟ್ಟುಕೊಳ್ಳುತ್ತಾರೆ. ಹಾಗೆ ಆಡಿದರೆ ಮೇಜಿನ ಮೇಲೆ ಹಳೆಯ ಚಿತ್ರಗಳಿರುತ್ತವೆ, ಆಟ ಮಾತ್ರ ಈ ಕಾಲದ್ದಾಗಿರುತ್ತದೆ. ಆದ್ದರಿಂದ ಮೊದಲು ನಿಯಮಗಳ ಒಂದು ಪುಟವನ್ನು ಸಿದ್ಧಪಡಿಸಿ, ಆಟಗಾರರಿಗೆ ಕನಿಷ್ಠ ಒಂದು ವಾರ ಮುಂಚೆ ತಲುಪಿಸಿ. ಡೆಕ್‌ಗಳ (ಪ್ರತಿ ಆಟಗಾರ ಕಟ್ಟಿಕೊಂಡು ತರುವ ಕಾರ್ಡ್ ಕಟ್ಟುಗಳ) ಮಾತು ಆಮೇಲೆ ಬರಲಿ.

ಆ ಪುಟದಲ್ಲಿ ಮೊದಲು ಬರಬೇಕಾದದ್ದು ಮನಾ ಬರ್ನ್. ಮನಾ ಎಂದರೆ ಕಾರ್ಡ್‌ಗಳನ್ನು ಆಡಲು ತೆರುವ ಶಕ್ತಿ, ಅದು ಹೆಚ್ಚಾಗಿ ಲ್ಯಾಂಡ್ ಕಾರ್ಡ್‌ಗಳಿಂದ ಬರುತ್ತದೆ. ಸರದಿಯ ಹಂತವೊಂದು ಮುಗಿಯುವಾಗ ಬಳಸದೆ ಉಳಿದ ಪ್ರತಿಯೊಂದು ಮನಾಕ್ಕೂ ಆಟಗಾರ ಒಂದು ಲೈಫ್ (ಪ್ರಾಣದ ಅಂಕ) ಕಳೆದುಕೊಳ್ಳುತ್ತಾನೆ. 2009ರಲ್ಲಷ್ಟೇ ಈ ನಿಯಮವನ್ನು ಕೈಬಿಡಲಾಯಿತು. ಎರಡನೆಯದಾಗಿ, ಲೈಫ್ ಸೊನ್ನೆಗಿಳಿದ ಕ್ಷಣವೇ ಸೋಲು ಬರುವುದಿಲ್ಲ. ಆ ಹಂತ ಮುಗಿಯುವಾಗ ಲೆಕ್ಕ ನೋಡಲಾಗುತ್ತದೆ, ಅಷ್ಟರೊಳಗೆ ಲೈಫ್ ಏರಿಸಿಕೊಂಡವನು ಉಳಿದುಕೊಳ್ಳುತ್ತಾನೆ. ಮೂರನೆಯದು, ಟ್ಯಾಪ್ ಆಗಿರುವ (ಬಳಸಿದ ಗುರುತಾಗಿ ಅಡ್ಡ ತಿರುಗಿಸಿದ) ಬ್ಲಾಕರ್, ಅಂದರೆ ದಾಳಿಯನ್ನು ತಡೆಯುವ ಕ್ರೀಚರ್ (ಜೀವಿಯ ಕಾರ್ಡ್), ಹೊಡೆತ ಕೊಡುವುದಿಲ್ಲ. ಮೊದಲು ಆಡುವವನಿಗೂ ಮೊದಲ ಸರದಿಯಲ್ಲಿ ಕಾರ್ಡ್ ಎತ್ತುವ ಹಕ್ಕಿದೆ ಎಂಬುದನ್ನೂ ಸೇರಿಸಿ. ಕೈಯಲ್ಲಿರುವ ಏಳೂ ಕಾರ್ಡ್‌ಗಳು ಲ್ಯಾಂಡ್ ಆಗಿದ್ದರೆ, ಇಲ್ಲವೇ ಒಂದೂ ಲ್ಯಾಂಡ್ ಇಲ್ಲದಿದ್ದರೆ ಮಾತ್ರ, ಅವನ್ನು ಎದುರಾಳಿಗೆ ತೋರಿಸಿ ಒಮ್ಮೆ ಮತ್ತೆ ಏಳು ಎತ್ತಬಹುದೆಂದು ಇಡಿ.

ನಾಲ್ಕನೆಯದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಆ ಕಾಲದ ಅರ್ಧ ಜಾಣ್ಮೆ ಅಲ್ಲಿದೆ. ಸದಾ ಪರಿಣಾಮ ಬೀರುವ ಆರ್ಟಿಫ್ಯಾಕ್ಟ್ (ಮಾಂತ್ರಿಕ ವಸ್ತುವಿನ ಕಾರ್ಡ್) ಟ್ಯಾಪ್ ಆದರೆ ಅದರ ಪರಿಣಾಮವೂ ನಿಂತುಹೋಗುತ್ತದೆ. ವಿಂಟರ್ ಆರ್ಬ್ ಮೇಜಿನ ಮೇಲಿದ್ದರೆ ಇಬ್ಬರೂ ಸರದಿಗೆ ಒಂದೊಂದೇ ಲ್ಯಾಂಡ್ ಅನ್‌ಟ್ಯಾಪ್ ಮಾಡಬೇಕು (ಮರುಬಳಕೆಗೆ ನೇರ ತಿರುಗಿಸಬೇಕು). ಆದರೆ ಅದರ ಒಡೆಯನ ಬಳಿ ಬೇರೆ ಕಾರ್ಡನ್ನು ಟ್ಯಾಪ್ ಮಾಡಬಲ್ಲ ಐಸಿ ಮ್ಯಾನಿಪ್ಯುಲೇಟರ್ ಇದ್ದರೆ, ಎದುರಾಳಿಯ ಸರದಿ ಮುಗಿಯುವ ಹೊತ್ತಿಗೆ ತನ್ನ ಆರ್ಬ್ ಅನ್ನು ತಾನೇ ಟ್ಯಾಪ್ ಮಾಡಿ, ತನ್ನ ಲ್ಯಾಂಡ್‌ಗಳನ್ನೆಲ್ಲ ನಿರಾತಂಕವಾಗಿ ಎಬ್ಬಿಸಿಕೊಳ್ಳುತ್ತಾನೆ. ಆರ್ಬ್ ಕೂಡ ಅವುಗಳೊಂದಿಗೇ ಎದ್ದು, ಎದುರಾಳಿಯನ್ನು ಮತ್ತೆ ಕಟ್ಟಿಹಾಕುತ್ತದೆ. ಇಂದು ವಿಂಟರ್ ಆರ್ಬ್, ಹೌಲಿಂಗ್ ಮೈನ್‌ನಂಥ ಕೆಲವು ಕಾರ್ಡ್‌ಗಳ ಅಧಿಕೃತ ಪಠ್ಯದಲ್ಲಿ ಮಾತ್ರ ಈ ಗುಣವನ್ನು ಉಳಿಸಲಾಗಿದೆ. ಆಗ ಅದು ಸಾಮಾನ್ಯ ನಿಯಮವಾಗಿತ್ತು.

ಕೊನೆಗೆ ಆಡಿದ ಕಾರ್ಡ್ ಮೊದಲು ಫಲಿಸುವ ಇಂದಿನ ‘ಸ್ಟ್ಯಾಕ್’ ಪದ್ಧತಿ 1999ರಲ್ಲಿ ಬಂದದ್ದು. ಅದಕ್ಕೆ ಮುಂಚಿನ ಇಂಟರಪ್ಟ್ ಮತ್ತು ಇನ್‌ಸ್ಟಂಟ್ ಎಂಬ ದಿಢೀರ್ ಕಾರ್ಡ್‌ಗಳ ಸರಪಳಿ ಲೆಕ್ಕವನ್ನು ಯಥಾವತ್ತಾಗಿ ಜಾರಿಗೆ ತರುವುದು ಬೇಡವೆಂಬುದು ನನ್ನ ಅಭಿಪ್ರಾಯ. ಅದು ಆಗಿನ ಆಟಗಾರರನ್ನೇ ಸುಸ್ತು ಮಾಡುತ್ತಿತ್ತು. ಒಂದು ದಿನದ ಕೂಟದಲ್ಲಿ ಪ್ರತಿ ಮೇಜಿನಲ್ಲೂ ವಾದಕ್ಕೆ ದಾರಿಯಾಗುತ್ತದೆ. ಸ್ಟ್ಯಾಕ್ ಇರಲಿ, ಉಳಿದ ಹಳೆಯ ನಿಯಮಗಳು ಬರಲಿ.

ಇನ್ನು ಕಾರ್ಡ್‌ಗಳ ವ್ಯಾಪ್ತಿ. ಆಲ್ಫಾ, ಬೀಟಾ, ಅನ್‌ಲಿಮಿಟೆಡ್, ರಿವೈಸ್ಡ್ ಎಂಬ ಮೂಲ ಆವೃತ್ತಿಗಳು ಹಾಗೂ ಅರೇಬಿಯನ್ ನೈಟ್ಸ್, ಆಂಟಿಕ್ವಿಟೀಸ್, ಲೆಜೆಂಡ್ಸ್ ಎಂಬ ವಿಸ್ತರಣೆಗಳು ಸಾಕು. ದ ಡಾರ್ಕ್ ಆ ಆಗಸ್ಟ್‌ನಲ್ಲೇ ಹೊರಬಂದಿತ್ತು. ಅದನ್ನು ಹೊರಗಿಟ್ಟರೆ ಪಟ್ಟಿ ಚಿಕ್ಕದಾಗಿ, ಹೊಸಬರಿಗೆ ಅನುಕೂಲ. ಡೆಕ್‌ನಲ್ಲಿ ಕನಿಷ್ಠ 60 ಕಾರ್ಡ್‌ಗಳಿರಬೇಕು, ಫಾರೆಸ್ಟ್‌ನಂಥ ಬೇಸಿಕ್ ಲ್ಯಾಂಡ್ ಬಿಟ್ಟು ಯಾವುದೇ ಕಾರ್ಡ್ ನಾಲ್ಕಕ್ಕಿಂತ ಹೆಚ್ಚಿರಬಾರದು, ಆಟಗಳ ನಡುವೆ ಬದಲಿಸಿಕೊಳ್ಳುವ ಕಾರ್ಡ್‌ಗಳ ಸೈಡ್‌ಬೋರ್ಡ್‌ಗೆ 15. ಬ್ಲ್ಯಾಕ್ ಲೋಟಸ್, ಐದು ಮಾಕ್ಸ್‌ಗಳು, ಆ್ಯನ್ಸೆಸ್ಟ್ರಲ್ ರಿಕಾಲ್, ಟೈಮ್ ವಾಕ್, ಟೈಮ್‌ಟ್ವಿಸ್ಟರ್, ಸೋಲ್ ರಿಂಗ್ ಇವು ಒಂದೊಂದೇ. ಆಟದೊಳಗೆ ಇನ್ನೊಂದು ಆಟ ಆಡಿಸುವ ಶಹರಾಜಾದ್ ಅನ್ನು 1994ರ ಆರಂಭದಲ್ಲೇ ನಿಷೇಧಿಸಲಾಗಿತ್ತು. ಗಡಿಯಾರ ನೋಡಿಕೊಂಡು ನಡೆಸುವ ಯಾವ ಟೂರ್ನಿಗೂ ಅದು ಬೇಡ. ಕಾರ್ಡ್‌ಗಳನ್ನೇ ಪಣಕ್ಕಿಡಿಸುವ ಆ್ಯಂಟಿ ಕಾರ್ಡ್‌ಗಳೂ ಬೇಡ.

ಕೇಯಾಸ್ ಆರ್ಬ್ ಬಗ್ಗೆ ಮುಂಚೆಯೇ ತೀರ್ಮಾನಿಸಿ. ಒಂದು ಅಡಿಗಿಂತ ಕಡಿಮೆಯಿಲ್ಲದ ಎತ್ತರದಿಂದ ಆ ಕಾರ್ಡನ್ನು ಮೇಜಿನ ಮೇಲೆ ಚಿಮ್ಮಬೇಕು, ಅದು ಗಾಳಿಯಲ್ಲಿ ಪೂರ್ತಿ ಒಂದು ಸುತ್ತಾದರೂ ಹೊರಳಬೇಕು, ಬಿದ್ದಾಗ ತಗುಲಿದ ಕಾರ್ಡ್‌ಗಳೆಲ್ಲ ನಾಶವಾಗುತ್ತವೆ. ಅದಕ್ಕೆ ಅವಕಾಶ ಕೊಡುವುದಾದರೆ, ಆಟ ಶುರುವಾದ ಮೇಲೆ ಲ್ಯಾಂಡ್‌ಗಳನ್ನು ದೂರ ದೂರ ಸರಿಸುವಂತಿಲ್ಲ ಎಂದು ಬರೆದಿಡಿ. ನಗು ಹೆಚ್ಚು, ಜಗಳವೂ ಹೆಚ್ಚು.

ಮೂಲ ಕಾರ್ಡ್‌ಗಳ ಬೆಲೆ ಕೈಗೆಟುಕುವಂಥದ್ದಲ್ಲ. ಆಲ್ಫಾದಲ್ಲಿ ಪ್ರತಿಯೊಂದು ರೇರ್ ಕಾರ್ಡ್ ಅಚ್ಚಾದದ್ದು ಸುಮಾರು 1,100 ಪ್ರತಿ ಮಾತ್ರ, ಮತ್ತು 1996ರಲ್ಲಿ ಪ್ರಕಟವಾದ ರಿಸರ್ವ್ಡ್ ಲಿಸ್ಟ್‌ನಲ್ಲಿರುವ ಬ್ಲ್ಯಾಕ್ ಲೋಟಸ್‌ನಂಥವನ್ನು ಟೂರ್ನಿಯಲ್ಲಿ ಬಳಸಬಹುದಾದ ರೂಪದಲ್ಲಿ ಮರುಮುದ್ರಿಸುವುದಿಲ್ಲವೆಂದು ಸಂಸ್ಥೆ ಮಾತು ಕೊಟ್ಟಿದೆ. ಆದರೆ ಸೆರಾ ಏಂಜೆಲ್, ಲೈಟ್ನಿಂಗ್ ಬೋಲ್ಟ್, ಕರ್ಡ್ ಏಪ್, ಸ್ಟೇಸಿಸ್, ಮೀಕ್‌ಸ್ಟೋನ್ ಮುಂತಾದವು ನಂತರದ ಆವೃತ್ತಿಗಳಲ್ಲಿ ಮತ್ತೆ ಬಂದಿವೆ. ಅವುಗಳ ಅಗ್ಗದ ಪ್ರತಿಗಳಿಗೆ ಅನುಮತಿ ಕೊಡಿ. ಉಳಿದವಕ್ಕೆ ಪ್ರಾಕ್ಸಿ ಬಳಸಿ: ಯಾವುದಾದರೂ ಬೇಸಿಕ್ ಲ್ಯಾಂಡ್‌ನ ಮುಂದೆ ಕಾಗದದ ಚೀಟಿ ಇಟ್ಟು, ಹೆಸರು, ಮನಾ ವೆಚ್ಚ ಮತ್ತು ಪಠ್ಯವನ್ನು ಸ್ಪಷ್ಟವಾಗಿ ಬರೆದು ಸ್ಲೀವ್‌ಗೆ (ಪ್ಲಾಸ್ಟಿಕ್ ಕವಚಕ್ಕೆ) ಹಾಕಿದರೆ ಸಾಕು. ಅಧಿಕೃತ ಟೂರ್ನಿಗಳಲ್ಲಿ ಇಂಥ ಪ್ರಾಕ್ಸಿ ನಡೆಯುವುದಿಲ್ಲ, ಹಾಗಾಗಿ ನಿಮ್ಮದು ಖಾಸಗಿ ಕೂಟವೆಂದು ಎಲ್ಲರಿಗೂ ತಿಳಿಸಿ. ಅಸಲಿಯೆಂದು ನಂಬಿಸುವ ನಕಲಿ ಕಾರ್ಡ್‌ಗಳನ್ನು ಮಾತ್ರ ಒಳಗೆ ಬಿಡಬೇಡಿ. ಯಾರಾದರೂ ನಿಜವಾದ ಆಲ್ಫಾ ಕಾರ್ಡ್ ತಂದರೆ, ಅದರ ಮೂಲೆಗಳು ಬೇರೆ ಆವೃತ್ತಿಗಳಿಗಿಂತ ಹೆಚ್ಚು ದುಂಡಗಿರುವುದರಿಂದ ಹಿಂಬದಿಯಿಂದಲೇ ಗುರುತು ಹಿಡಿಯಬಹುದು. ಆದ್ದರಿಂದ ಒಳಗಿನದು ಕಾಣದ ಸ್ಲೀವ್ ಎಲ್ಲರಿಗೂ ಕಡ್ಡಾಯವಾಗಲಿ. ರಿವೈಸ್ಡ್‌ನ ಸೆರೆಂಡಿಬ್ ಇಫ್ರೀಟ್ ಹಸಿರು ಚೌಕಟ್ಟಿನಲ್ಲಿ, ಬೇರೊಂದು ಕಾರ್ಡ್‌ನ ಚಿತ್ರದೊಂದಿಗೆ ಅಚ್ಚಾಗಿದೆ. ಅದು ನೀಲಿ ಕಾರ್ಡ್ ಎಂಬುದನ್ನು ಜಡ್ಜ್ ನೆನಪಿಡಬೇಕು.

ಡೆಕ್ ಕಟ್ಟಲು ತೋಚದವರಿಗೆ ಫೈನಲ್‌ನ ಎರಡು ಡೆಕ್‌ಗಳ ಜಾಡನ್ನು ಕೊಡಿ. ಲೆಸ್ತ್ರೇ ಅವರದು ಕರ್ಡ್ ಏಪ್‌ನಂಥ ಅಗ್ಗದ ಕ್ರೀಚರ್‌ಗಳನ್ನೂ ಲೈಟ್ನಿಂಗ್ ಬೋಲ್ಟ್‌ನಂಥ ನೇರ ಹೊಡೆತಗಳನ್ನೂ ನೆಚ್ಚಿದ ವೇಗದ ಡೆಕ್. ಕರ್ಡ್ ಏಪ್‌ಗೆ ಬೇಕಾದದ್ದು ಒಂದೇ ಕೆಂಪು ಮನಾ; ಜೊತೆಗೆ ಒಂದು ಫಾರೆಸ್ಟ್ ಇದ್ದರೆ ಅದು 2/3 (ಹೊಡೆತ 2, ತಾಳಿಕೆ 3) ಆಗುತ್ತದೆ. ಹೊಸಬರಿಗೆ ಇದನ್ನೇ ಕೊಡಿ, ಎರಡು ಆಟದಲ್ಲಿ ಕೈ ಕುದುರುತ್ತದೆ. ಡೋಲನ್ ಅವರ ಡೆಕ್‌ಗೆ ತಾಳ್ಮೆ ಬೇಕು. ಅದರ ಸ್ಟೇಸಿಸ್ ಕಾರ್ಡ್ ಮೇಜಿಗೆ ಬಂದರೆ ಯಾರಿಗೂ ಅನ್‌ಟ್ಯಾಪ್ ಹಂತವೇ ಇರುವುದಿಲ್ಲ. ಅದನ್ನು ಉಳಿಸಿಕೊಳ್ಳಲು ಒಡೆಯ ಪ್ರತಿ ಸರದಿಯಲ್ಲೂ ಒಂದು ನೀಲಿ ಮನಾ ತೆರಬೇಕು. ಕಿಸ್ಮೆಟ್ ಜೊತೆಗಿದ್ದರೆ ಎದುರಾಳಿ ಹೊಸದಾಗಿ ಇಳಿಸುವ ಲ್ಯಾಂಡ್, ಕ್ರೀಚರ್, ಆರ್ಟಿಫ್ಯಾಕ್ಟ್‌ಗಳೂ ಟ್ಯಾಪ್ ಆಗಿಯೇ ಬರುತ್ತವೆ. ಹೀಗೆ ಎಲ್ಲವೂ ಹೆಪ್ಪುಗಟ್ಟಿರುವಾಗ, ದಾಳಿ ಮಾಡಿದರೂ ಟ್ಯಾಪ್ ಆಗದ, ಹಾರಬಲ್ಲ 4/4 ಸೆರಾ ಏಂಜೆಲ್ ಮಾತ್ರ ಪ್ರತಿ ಸರದಿಯೂ ಹೊಡೆಯುತ್ತಿರುತ್ತದೆ. ನೀಲಿ ಮನಾ ಬತ್ತುತ್ತಾ ಬಂದರೆ, ಎದುರಾಳಿಯ ಸರದಿಯ ಕೊನೆಯಲ್ಲಿ ಟೈಮ್ ಎಲಿಮೆಂಟಲ್‌ನಿಂದ ಸ್ಟೇಸಿಸ್ ಅನ್ನು ಕೈಗೆ ತೆಗೆದುಕೊಂಡು, ತನ್ನದೆಲ್ಲವನ್ನೂ ಎಬ್ಬಿಸಿ, ಮತ್ತೆ ಇಳಿಸಬಹುದು. ಈ ಡೆಕ್ ಆಡುವವರು ಹಿಂದಿನ ವಾರವೇ ಅಭ್ಯಾಸ ಮಾಡಿರಲಿ. ಮೇಜಿನ ಮುಂದೆ ಕುಳಿತು ಲೆಕ್ಕ ಹಾಕುವವರು ಗೆದ್ದರೂ ಸಮಯ ಸಾಲುವುದಿಲ್ಲ.

ಪಂದ್ಯಗಳ ರಚನೆಯಲ್ಲಿ ಮಾತ್ರ ಮಿಲ್ವಾಕಿಯನ್ನು ಅನುಸರಿಸಬೇಡಿ. ನೇರ ನಾಕೌಟ್ ಆದರೆ ದೂರದಿಂದ ಬಂದ ಅರ್ಧ ಜನ ಮೊದಲ ಸುತ್ತಿನಲ್ಲೇ ಪ್ರೇಕ್ಷಕರಾಗುತ್ತಾರೆ. ಹದಿನಾರು ಮಂದಿಗೆ ಸ್ವಿಸ್ ಮಾದರಿಯಲ್ಲಿ (ಯಾರೂ ಹೊರಬೀಳದೆ, ಸಮಾನ ಅಂಕದವರು ಎದುರಾಗುವಂತೆ) ನಾಲ್ಕು ಸುತ್ತು ಆಡಿಸಿ, ಮೊದಲ ನಾಲ್ವರಿಗೆ ಸೆಮಿಫೈನಲ್, ಫೈನಲ್ ಇಡಿ. ಎಂಟು ಮಂದಿಯಾದರೆ ಮೂರು ಸುತ್ತಿನ ನಂತರ ನೇರವಾಗಿ ಫೈನಲ್. ಪ್ರತಿ ಪಂದ್ಯವೂ ಮೂರರಲ್ಲಿ ಎರಡು ಗೆದ್ದವರಿಗೆ. ಸ್ಟೇಸಿಸ್ ಮತ್ತು ವಿಂಟರ್ ಆರ್ಬ್ ಇರುವ ಕಡೆ 50 ನಿಮಿಷ ಸಾಲದು, 60 ಕೊಡಿ. ಸಮಯ ಮುಗಿದಾಗ ನಡೆಯುತ್ತಿರುವ ಸರದಿಯ ನಂತರ ಇನ್ನು ಐದು ಸರದಿಗಳೆಂದು ಮೊದಲೇ ಸಾರಿ, ಅಷ್ಟರಲ್ಲೂ ತೀರದಿದ್ದರೆ ಡ್ರಾ ಎಂದು ಬರೆದುಕೊಳ್ಳಿ. ಫೈನಲ್‌ಗೆ ಗಡಿಯಾರ ಬೇಡ.