ನಮ್ಮ ಮಾತು ಅವರಿಗೆ ಕೇಳುತ್ತಿತ್ತು, ಅವರದ್ದು ನಮಗಿಲ್ಲ

ಜುಲೈ ಮಳೆಯಲ್ಲಿ ಮರ ಬಿದ್ದು ನಮ್ಮ ಆಫೀಸಿನ ಇಂಟರ್ನೆಟ್ ಕೇಬಲ್ ಮೂರನೇ ಸಲ ತುಂಡಾಯಿತು. ಶಿರಸಿ ಪೇಟೆಯಲ್ಲಿ ಅಡಿಕೆ ವ್ಯವಹಾರದ ಆಫೀಸು ನಮ್ಮದು. ನೆಟ್ ಹೋದರೆ ಫೋನೂ ಹೋದಂತೆ. ಹನ್ನೆರಡು ಫೋನೂ ನಡೆಯುವುದು ಇಂಟರ್ನೆಟ್ ಮೇಲೆ, ಒಳಕೋಣೆಯ ಕಂಪ್ಯೂಟರಿನಲ್ಲಿರುವ ಆಸ್ಟರಿಸ್ಕ್ ಎಂಬ ಫೋನ್ ಎಕ್ಸ್‌ಚೇಂಜ್ ಸಾಫ್ಟ್‌ವೇರ್ ಮೂಲಕ. ಬೇರೆ ಕಂಪನಿಯ ಲೈನ್ ಹಾಕಿಸಿದೆವು. ಫೋನ್ ರಿಂಗ್ ಆಯಿತು. ಸರಿಯಾಯಿತು ಅಂದುಕೊಂಡೆ.

ಮಾರನೇ ದಿನ ಕೌಂಟರಿನವರು ಫೋನ್ ಹಾಳಾಗಿದೆ ಅಂದರು. ರಿಸೀವರ್ ಎತ್ತಿದರೆ ಆ ಕಡೆಯಿಂದ ಸದ್ದೇ ಇಲ್ಲ. ಹ್ಯಾಂಡ್‌ಸೆಟ್ ಬದಲಿಸಿದೆ, ವೈರ್ ಬದಲಿಸಿದೆ. ಅರ್ಧ ದಿನ ಸುಮ್ನೆ ಹೋಯಿತು.

ಸುಳಿವು ಕೊಟ್ಟವರು ಒಬ್ಬ ಹಿರಿಯ ಬೆಳೆಗಾರರು. ದರ ಕೇಳಲಿಕ್ಕೆ ಬಸ್ಸು ಹಿಡಿದು ಆಫೀಸಿಗೇ ಬಂದಿದ್ದರು. "ತಮಾ, ರಾಶಿ ಅಡಿಕೆ ಎಷ್ಟಕ್ಕೆ ಹೋತು ಹೇಳಿ ಮೂರು ಸಲ ಕೇಳಿದೆ. ನೀವು ಹಲೋ ಹಲೋ ಅಂದು ಇಟ್ಟುಬಿಟ್ರಿ" ಅಂದರು. ಆ ಮಳೆಯಲ್ಲಿ ಅವರನ್ನು ಅಲೆಸಿದ್ದಕ್ಕೆ ನನಗೆ ತುಂಬಾ ಬೇಜಾರಾಯಿತು. ಆದರೆ ಅವರ ಮಾತಿನಲ್ಲೇ ಬೇಕಾದದ್ದು ಇತ್ತು. ನಮ್ಮ ಹಲೋ ಅವರಿಗೆ ಕೇಳಿದೆ. ಅಂದರೆ ಧ್ವನಿ ಹೋಗುತ್ತಿದೆ, ಬರುವುದು ಮಾತ್ರ ನಿಂತಿದೆ.

ಇಂಟರ್ನೆಟ್ ಫೋನಿನಲ್ಲಿ ಕರೆ ಜೋಡಿಸುವುದು ಸಿಪ್ ಎಂಬ ಪದ್ಧತಿ, ಸಾಮಾನ್ಯವಾಗಿ 5060ನೇ ಪೋರ್ಟಿನಲ್ಲಿ (ಪೋರ್ಟ್ ಅಂದರೆ ನೆಟ್‌ವರ್ಕಿನ ನಂಬರು ಹಾಕಿದ ಬಾಗಿಲು). ಧ್ವನಿ ಸಾಗುವುದು ಆರ್‌ಟಿಪಿ ಎಂಬ ಇನ್ನೊಂದು ಪದ್ಧತಿಯಲ್ಲಿ, ಬೇರೆಯೇ ಪೋರ್ಟುಗಳಲ್ಲಿ. ನಮ್ಮ ಆಸ್ಟರಿಸ್ಕ್‌ನಲ್ಲಿ ಅದು 10000ರಿಂದ 20000. ಹೋಗುವ ಧ್ವನಿಯದ್ದು ಒಂದು ಹರಿವು, ಬರುವ ಧ್ವನಿಯದ್ದು ಇನ್ನೊಂದು. ಹಾಗಾಗಿ ಚೆನ್ನಾಗಿ ರಿಂಗ್ ಆಗಿಯೂ ಒಂದು ಕಡೆ ಪೂರ್ತಿ ಮೌನ ಇರಬಹುದು. ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ಹೇಳುವುದು ರೂಟರಿನ ಸಿಪ್ ಎಎಲ್‌ಜಿ, ಅಂದರೆ ಸಿಪ್ ಸಂದೇಶಗಳನ್ನು ದಾರಿಯಲ್ಲೇ ತಿದ್ದುವ ಸೌಲಭ್ಯ, ಆಫ್ ಮಾಡಿ ಅಂತ. ಮಾಡಿದೆ. ಏನೂ ಬದಲಾಗಲಿಲ್ಲ.

ಆಮೇಲೆ ಆಸ್ಟರಿಸ್ಕ್ ಪರದೆಯಲ್ಲಿ ಧ್ವನಿಯ ಓಡಾಟ ತೋರಿಸುವ 'ಆರ್‌ಟಿಪಿ ಸೆಟ್ ಡೀಬಗ್ ಆನ್' ಆದೇಶ ಕೊಟ್ಟು ಕೌಂಟರಿನಿಂದ ನನ್ನ ಮೊಬೈಲಿಗೆ ಕರೆ ಮಾಡಿಸಿದೆ. ಸಾಲುಗಳು ಸರಸರ ಓಡತೊಡಗಿದವು. 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್, ಅಂದರೆ ಧ್ವನಿಯ ಒಂದು ತುಣುಕು, ಸೆಕೆಂಡಿಗೆ 50. ಕೌಂಟರಿನ ಫೋನಿನ ಪ್ಯಾಕೆಟ್ ಬರುತ್ತಿತ್ತು, ಅದು ಹೊರಗಿನ ಫೋನ್ ಕಂಪನಿಗೆ ಹೋಗುತ್ತಲೂ ಇತ್ತು. ಹೊರಗಿನಿಂದ 'ಗಾಟ್' (ಬಂತು) ಎನ್ನುವ ಸಾಲು ಒಂದೂ ಇಲ್ಲ. ನಾನು ಮೊಬೈಲಿನಲ್ಲಿ ಒಂದು, ಎರಡು, ಮೂರು ಅಂತ ಎಣಿಸುತ್ತಲೇ ಇದ್ದೆ.

ಹಾಗಾದರೆ ನನ್ನ ಎಣಿಕೆ ಎಲ್ಲಿಗೆ ಹೋಗುತ್ತಿತ್ತು? ಸಿಪ್ ಸಂದೇಶಗಳನ್ನು ತೋರಿಸುವ ಎಸ್‌ಎನ್‌ಗ್ರೆಪ್ ತೆರೆದು, ಕರೆ ಶುರುಮಾಡಲು ನಾವು ಕಳಿಸಿದ ಇನ್ವೈಟ್ ಸಂದೇಶ ಓದಿದೆ. ಅದರ ಕೆಳಗೆ ಧ್ವನಿಯ ವಿವರ ಇರುವ ಎಸ್‌ಡಿಪಿ ಭಾಗದಲ್ಲಿ 'ಸಿ' ಅಕ್ಷರದಿಂದ ಶುರುವಾಗುವ ಒಂದು ಸಾಲು ಇರುತ್ತದೆ. ಧ್ವನಿಯನ್ನು ಈ ಐಪಿಗೆ, ಅಂದರೆ ಈ ಇಂಟರ್ನೆಟ್ ವಿಳಾಸಕ್ಕೆ, ಕಳಿಸಿ ಅಂತ ಎದುರಿನವರಿಗೆ ಹೇಳುವುದು ಆ ಸಾಲೇ. ಅಲ್ಲಿ 192.168ರಿಂದ ಶುರುವಾಗುವ, ಆಫೀಸಿನ ಒಳಗಷ್ಟೇ ನಡೆಯುವ ವಿಳಾಸ ಇರುತ್ತದೆ ಅಂತ ನಾನು ಕಾಯುತ್ತಿದ್ದೆ, ಜಾಸ್ತಿ ಆಗುವ ತಪ್ಪು ಅದೇ. ಆದರೆ ಅಲ್ಲಿದ್ದದ್ದು ಹಳೇ ಲೈನಿನ ಪಬ್ಲಿಕ್ ಐಪಿ, ಹೊರಗಿನವರಿಗೆ ಕಾಣುವ ವಿಳಾಸ. ಮನೆ ಬದಲಿಸಿ, ಹಳೇ ಮನೆಯ ವಿಳಾಸವನ್ನೇ ಕೊಡುತ್ತಾ ಇದ್ದಂತೆ. ಕರೆ ಕಳಿಸಲು ಫೋನ್ ಕಂಪನಿ ನಮ್ಮ ಪ್ಯಾಕೆಟ್ ಯಾವ ಐಪಿಯಿಂದ ಬಂತು ಅಂತ ನೋಡುತ್ತಿತ್ತು, ಅದಕ್ಕೇ ರಿಂಗ್ ಆಗುತ್ತಿತ್ತು. ಧ್ವನಿಗೆ ಮಾತ್ರ ನಾವು ಬರೆದು ಕೊಟ್ಟದ್ದನ್ನೇ ನಂಬುತ್ತಿತ್ತು.

ಆಸ್ಟರಿಸ್ಕ್‌ನ ಸಿಪ್ ಸೆಟ್ಟಿಂಗ್ ಇರುವ ಪಿಜೆಸಿಪ್ ಫೈಲಿನ ಟ್ರಾನ್ಸ್‌ಪೋರ್ಟ್ ಭಾಗದಲ್ಲಿ 'ಎಕ್ಸ್‌ಟರ್ನಲ್ ಮೀಡಿಯಾ ಅಡ್ರೆಸ್' ಎಂಬಲ್ಲಿ ಹೊಸ ಐಪಿ ಬರೆದೆ. 'ಎಕ್ಸ್‌ಟರ್ನಲ್ ಸಿಗ್ನಲಿಂಗ್ ಅಡ್ರೆಸ್'ನಲ್ಲೂ ಅದನ್ನೇ. ರೀಲೋಡ್ ಕೊಟ್ಟೆ. ಮತ್ತೆ ಮೌನ! ಇದು ಯಾರಿಗಾದರೂ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ: ಟ್ರಾನ್ಸ್‌ಪೋರ್ಟ್ ಭಾಗದ ಬದಲಾವಣೆ ಬರೀ ರೀಲೋಡಿಗೆ ಜಾರಿಯಾಗದೇ ಇರಬಹುದು, ಆಗ ಆಸ್ಟರಿಸ್ಕನ್ನೇ ರೀಸ್ಟಾರ್ಟ್ ಮಾಡಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ಮಾಡಿದೆ. 'ಗಾಟ್' ಸಾಲುಗಳು ಬಂದವು, ನನ್ನದೇ ದನಿ ಕೌಂಟರಿನ ರಿಸೀವರಿನಲ್ಲಿ ಕೇಳಿತು. ಜೊತೆಗೇ ಧ್ವನಿಯ ಪೋರ್ಟುಗಳನ್ನು 10000ರಿಂದ 10200ಕ್ಕೆ ಇಳಿಸಿ, ರೂಟರಿನಲ್ಲೂ ಅಷ್ಟನ್ನೇ ತೆರೆದೆ. ಒಂದು ಕರೆಗೆ ಎರಡು ಬದಿ ಸೇರಿ ನಾಲ್ಕು ಪೋರ್ಟ್ ಸಾಕು. ನಮಗೆ ಇದು ಧಾರಾಳ.

ಇನ್ನೊಂದು ಬಾಕಿ ಇತ್ತು. ಶಿರಸಿಯಿಂದ ಕುಮಟಾ ಶಾಖೆಗೆ ಕರೆ ವರ್ಗಾಯಿಸಿದರೆ ಮತ್ತೆ ಒಂದು ಕಡೆ ಮೌನ. ಇದರ ಕಾರಣ ಬೇರೆ. ಕರೆ ಜೋಡಿಸಿದ ಮೇಲೆ ಆಸ್ಟರಿಸ್ಕ್ ತಾನು ಮಧ್ಯದಿಂದ ಸರಿದು, ಎರಡು ತುದಿಗಳೂ ನೇರ ಮಾತಾಡಲಿ ಅಂತ ಬಿಡುತ್ತದೆ. ಎರಡೂ ಬೇರೆ ಬೇರೆ ರೂಟರಿನ ಹಿಂದೆ ಇದ್ದರೆ ಒಂದಕ್ಕೊಂದು ಸಿಗುವುದಿಲ್ಲ. ಎಲ್ಲ ಫೋನುಗಳಿಗೂ, ಹೊರಗಿನ ಲೈನಿಗೂ 'ಡೈರೆಕ್ಟ್ ಮೀಡಿಯಾ' ನೋ ಮಾಡಿದೆ. ಕುಮಟಾದ ಧ್ವನಿ ಈಗ ಶಿರಸಿಯ ಸರ್ವರ್ ಸುತ್ತಿಕೊಂಡೇ ಹೋಗುತ್ತದೆ, ನಮ್ಮ ಲೈನಿಗೆ ಅದು ಭಾರವೇ ಅಲ್ಲ.

ಹೊಸ ಐಪಿಯನ್ನೂ ಆ ಫೈಲಿನ ಹೆಸರನ್ನೂ ಚೀಟಿಯಲ್ಲಿ ಬರೆದು ರೂಟರಿನ ಮೇಲೆ ಅಂಟಿಸಿದ್ದೇನೆ. ಸಂಜೆ ಆ ಹಿರಿಯರಿಗೆ ನಾನೇ ಫೋನ್ ಮಾಡಿ ಅವತ್ತಿನ ದರ ಹೇಳಿದೆ. "ಈಗ ಕೇಳ್ತಾ?" ಅಂದರು. ಸ್ಪಷ್ಟವಾಗಿ ಕೇಳಿತು.