ಪ್ಲಂಜ್ ರೂಟರ್ ಕೊಳ್ಳುವಾಗ ವ್ಯಾಟ್‌ಗಿಂತ ಮೊದಲು ಕಾಲೆಟ್ ನೋಡಿ

ಪ್ಲಂಜ್ ರೂಟರ್ ಎಂದರೆ ತಿರುಗುವ ಬಿಟ್ಟನ್ನು (ಕತ್ತರಿಸುವ ಅಲಗನ್ನು) ಮೇಲಿನಿಂದ ಮರದೊಳಗೆ ಇಳಿಸಿ ಗ್ರೂವ್ (ಉದ್ದನೆಯ ಕೊರೆತ), ಗುಳಿ ಕೊರೆಯುವ ಕೈಯಂತ್ರ. ಅಂಗಡಿಯವರು ಇಂಥ ಎರಡು ರೂಟರ್ ತೆಗೆದು ಮುಂದಿಟ್ಟರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಡಬ್ಬಿಯ ಮೇಲಿನ ವ್ಯಾಟ್ ಅಂಕಿಗೆ. ಆ ಅಂಕಿ ಯಂತ್ರ ಕರೆಂಟಿನಿಂದ ಎಳೆದುಕೊಳ್ಳುವ ಶಕ್ತಿಯದು. ಬಿಟ್ಟಿಗೆ ತಲುಪುವುದು ಅದಕ್ಕಿಂತ ಕಡಿಮೆ. ಕೆಲಸ ಚೊಕ್ಕವಾಗುವುದೂ ಕೆಡುವುದೂ ಬೇರೆ ಎರಡು ಕಡೆ: ಬಿಟ್ಟನ್ನು ಹಿಡಿಯುವ ಕಾಲೆಟ್‌ನಲ್ಲಿ, ಮತ್ತು ಮೋಟಾರು ಮೇಲೆ ಕೆಳಗೆ ಜಾರುವ ಎರಡು ಕಂಬಗಳಲ್ಲಿ. ಇವೆರಡು ಬಿಗಿಯಾಗಿದ್ದರೆ 1,400 ವ್ಯಾಟಿನ ಯಂತ್ರವೂ ತೇಗದಲ್ಲಿ ನೇರವಾದ ಮಾರ್ಟಿಸ್ (ಜೋಡಣೆಗೆ ಕೊರೆಯುವ ಗುಳಿ) ತೆಗೆಯುತ್ತದೆ. ಸಡಿಲವಿದ್ದರೆ 2,000 ವ್ಯಾಟ್ ಇದ್ದರೂ ಗ್ರೂವ್‌ನ ಗೋಡೆ ಅಲೆಅಲೆಯಾಗಿ ಬರುತ್ತದೆ.

ಅಂಗಡಿಗೆ ಹೋಗುವ ಮೊದಲು ನಿಮ್ಮ ಕೆಲಸ ಯಾವುದೆಂದು ತೀರ್ಮಾನಿಸಿ. ಲ್ಯಾಮಿನೇಟ್ ಅಂಚು ಸವರುವುದು, ಸಣ್ಣ ಹಿಂಜ್ ಕೂರಿಸುವುದು, ತೆಳ್ಳನೆಯ ಅಲಂಕಾರದ ಗೆರೆ ಇಷ್ಟೇ ಆದರೆ ಒಂದು ಕೈಯಲ್ಲಿ ಹಿಡಿಯುವ ಟ್ರಿಮ್ಮರ್ ಸಾಕು. ಪ್ಲಂಜ್ ರೂಟರ್ ಬೇಕಿಲ್ಲ. ಪ್ಲೈವುಡ್ ಬೀರು, ಡ್ರಾಯರ್, ಹಿಂಬದಿಯ 6 ಮಿ.ಮೀ. ಹಲಗೆಗೆ ಗ್ರೂವ್ ಇಂಥವಕ್ಕೆ 8 ಮಿ.ಮೀ. ಕಾಲೆಟ್ ಇರುವ 1,200ರಿಂದ 1,400 ವ್ಯಾಟಿನ ಮಧ್ಯಮ ಯಂತ್ರ ಸರಿಹೊಂದುತ್ತದೆ. ಈ ವರ್ಗದ ಯಂತ್ರಗಳು ಸುಮಾರು ಮೂರೂವರೆ ಕಿಲೋ ತೂಗುತ್ತವೆ, ದಿನವಿಡೀ ಹಿಡಿದರೂ ತೋಳು ಸೋಲುವುದಿಲ್ಲ. ಬಾಗಿಲಿನ ಚೌಕಟ್ಟು, ಮಾರ್ಟಿಸ್ ಲಾಕ್, ಹೊನ್ನೆ ಮತ್ತಿಯಂಥ ಗಟ್ಟಿ ಮರದಲ್ಲಿ ದಪ್ಪ ಮೋಲ್ಡಿಂಗ್ ಇದ್ದರೆ ಮಾತ್ರ 12 ಮಿ.ಮೀ. ಅಥವಾ ಅರ್ಧ ಇಂಚಿನ ದೊಡ್ಡ ಯಂತ್ರಕ್ಕೆ ಹೋಗಿ. ಅದು ಐದಾರು ಕಿಲೋ ಇರುತ್ತದೆ. ಅಗಲ ಕಡಿಮೆಯ ಪಟ್ಟಿಯ ಅಂಚಿನಲ್ಲಿ ಅಷ್ಟು ಭಾರವನ್ನು ಓಲಾಡದಂತೆ ನಡೆಸುವುದು ಕಷ್ಟ.

ಕರೆಂಟಿನ ಲೆಕ್ಕವನ್ನೂ ಆಗಲೇ ಮಾಡಿಬಿಡಿ. 230 ವೋಲ್ಟಿನಲ್ಲಿ 6 ಆಂಪ್ ಸಾಕೆಟ್ ತಡೆಯುವುದು 1,380 ವ್ಯಾಟ್. 2,000 ವ್ಯಾಟಿನ ರೂಟರ್ ಸುಮಾರು 9 ಆಂಪ್ ಎಳೆಯುತ್ತದೆ, ಅದಕ್ಕೆ 16 ಆಂಪ್ ಸಾಕೆಟ್ಟೇ ಬೇಕು. ಸೈಟಿನಲ್ಲಿ ತೆಳ್ಳನೆಯ ಉದ್ದ ವೈರಿನಿಂದ ಓಡಿಸಿದರೆ ವೋಲ್ಟೇಜ್ ಇಳಿದು ಮೋಟಾರು ಬಿಸಿಯಾಗುತ್ತದೆ. ದೂರ ಎಳೆಯುವುದಾದರೆ 2.5 ಚದರ ಮಿ.ಮೀ. ವೈರ್ ಹಾಕಿ, ಸುರುಳಿಯನ್ನು ಪೂರ್ತಿ ಬಿಚ್ಚಿಡಿ.

ಕಾಲೆಟ್: ಇಲ್ಲಿ ತಪ್ಪಿದರೆ ಕೈಗೇ ಅಪಾಯ

ನಮ್ಮ ಅಂಗಡಿಗಳಲ್ಲಿ ಮಿಲಿಮೀಟರ್ ಮತ್ತು ಇಂಚು ಎರಡೂ ಅಳತೆಯ ಬಿಟ್‌ಗಳು ಸಿಗುತ್ತವೆ. ಕಾಲು ಇಂಚು ಎಂದರೆ 6.35 ಮಿ.ಮೀ., ಅರ್ಧ ಇಂಚು ಎಂದರೆ 12.7. ಕಣ್ಣಿಗೆ 6 ಮತ್ತು 6.35 ಒಂದೇ ಥರ ಕಾಣುತ್ತವೆ. ಆದರೆ 6 ಮಿ.ಮೀ. ಶ್ಯಾಂಕನ್ನು (ಕಾಲೆಟ್ ಹಿಡಿಯುವ ಬಿಟ್ಟಿನ ಕಾಂಡವನ್ನು) ಕಾಲು ಇಂಚಿನ ಕಾಲೆಟ್‌ಗೆ ಹಾಕಿ ಎಷ್ಟು ತಿರುವಿದರೂ ಹಿಡಿತ ಸುತ್ತಲೂ ಸಮನಾಗಿ ಕೂರುವುದಿಲ್ಲ. ಬಿಟ್ ಓಡುತ್ತಲೇ ಕೆಳಗೆ ಜಾರುತ್ತದೆ, ಗ್ರೂವ್ ತಾನಾಗಿಯೇ ಆಳವಾಗುತ್ತಾ ಹೋಗುತ್ತದೆ. ಕೆಟ್ಟ ಗಳಿಗೆಯಲ್ಲಿ ಬಿಟ್ಟೇ ಹಾರಿಹೋಗುತ್ತದೆ. 12 ಮತ್ತು 12.7ರ ಕಥೆಯೂ ಇದೇ. ಯಂತ್ರದ ಜೊತೆ ಯಾವ ಕಾಲೆಟ್ ಬರುತ್ತದೆ ಎಂದು ಕೇಳಿ, ಅದರ ಮೇಲೆ ಕೊರೆದಿರುವ ಅಂಕಿ ಓದಿ, ಆಮೇಲೆ ಅದೇ ಅಳತೆಯ ಬಿಟ್ ಮಾತ್ರ ಕೊಳ್ಳಿ. ಬಿಟ್ಟಿನ ಶ್ಯಾಂಕನ್ನು ವರ್ನಿಯರ್‌ನಲ್ಲಿ ಅಳೆದೇ ತೆಗೆದುಕೊಳ್ಳಿ.

ದಪ್ಪ ಶ್ಯಾಂಕಿಗೆ ಒಂದು ದೊಡ್ಡ ಲಾಭವಿದೆ. ಬಾಗದೆ ನಿಲ್ಲುವ ಶಕ್ತಿ ವ್ಯಾಸದ ನಾಲ್ಕನೇ ಘಾತದಷ್ಟು ಏರುತ್ತದೆ. 6ರ ಬದಲು 12 ಮಿ.ಮೀ. ಹಾಕಿದರೆ ಬಿಗುವು ಎರಡರಷ್ಟಲ್ಲ, ಹದಿನಾರರಷ್ಟು. ಆಳದ ಮಾರ್ಟಿಸ್‌ಗೆ ಉದ್ದನೆಯ ಬಿಟ್ ಬೇಕಾದಾಗ ಈ ವ್ಯತ್ಯಾಸ ಗೋಡೆಯ ನುಣುಪಿನಲ್ಲೇ ಗೊತ್ತಾಗುತ್ತದೆ.

ಬಿಡಿ ಕಾಲೆಟ್ ನಿಮ್ಮ ಊರಿನಲ್ಲಿ ಸಿಗುತ್ತದೆಯೇ ಎಂದೂ ವಿಚಾರಿಸಿ. ಕಾಲೆಟ್ ಸವೆಯುವ ಭಾಗ. ಶ್ಯಾಂಕಿನ ಮೇಲೆ ಕಂದು ಬಣ್ಣದ ಸುಟ್ಟ ಗೆರೆಗಳು ಕಾಣತೊಡಗಿದರೆ ಬಿಟ್ ಒಳಗೇ ಜಾರುತ್ತಿದೆ ಎಂದರ್ಥ. ಮೊದಲು ಅಂಟು, ಹೊಟ್ಟು ಒರೆಸಿ ನೋಡಿ; ಆಮೇಲೂ ಜಾರಿದರೆ ಕಾಲೆಟ್ ಬದಲಿಸಿ.

ಅಂಗಡಿಯಲ್ಲೇ ಮಾಡುವ ಪರೀಕ್ಷೆ

ಪ್ಲಗ್ ಹಾಕಬೇಡಿ. ಯಂತ್ರವನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಎರಡೂ ಹಿಡಿ ಹಿಡಿದು ಒತ್ತಿ: ತಡೆಯಿಲ್ಲದೆ ಇಳಿಯಬೇಕು, ಬಿಟ್ಟಾಗ ಸ್ಪ್ರಿಂಗ್ ಪೂರ್ತಿ ಮೇಲೆತ್ತಬೇಕು. ಈಗ ಒಂದೇ ಹಿಡಿಯನ್ನು ಒತ್ತಿ. ಚೂರು ಬಿಗಿಯಾಗುವುದು ಸಹಜ. ನಡುವೆ ಸಿಕ್ಕಿ ನಿಂತು ಆಮೇಲೆ ಜಿಗಿದು ಇಳಿದರೆ ಆ ಯಂತ್ರ ಬೇಡ. ಮರದಲ್ಲಿ ಬಿಟ್ ಇಳಿಸುವಾಗಲೂ ಹಾಗೇ ಜಿಗಿಯುತ್ತದೆ, ಮಾರ್ಟಿಸ್‌ನ ಬಾಯಿ ಅಗಲವಾಗುತ್ತದೆ.

ಅರ್ಧಕ್ಕೆ ಇಳಿಸಿ ಲಾಕ್ ಮಾಡಿ, ಬೇಸನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಮೋಟಾರನ್ನು ಅಕ್ಕಪಕ್ಕ ಅಲ್ಲಾಡಿಸಿ. ಕೈಗೆ ತಿಳಿಯುವಷ್ಟು ಆಡಿದರೆ ಪಕ್ಕಕ್ಕಿಡಿ. ಲಾಕ್ ಲಿವರ್ ಹಿಡಿಯಿಂದ ಕೈ ತೆಗೆಯದೆ ಹೆಬ್ಬೆರಳಿಗೆ ಸಿಗಬೇಕು. ಸ್ವಿಚ್ಚೂ ಹಾಗೆಯೇ: ಓಡುತ್ತಿರುವ ರೂಟರನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಿಂದ ಸ್ವಿಚ್ ಹುಡುಕುವ ಸ್ಥಿತಿ ಬರಬಾರದು.

ಬೇಸಿನ ತಳಕ್ಕೆ ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿದು ನೋಡಿ. ನಡುವೆ ಬೆಳಕು ತೂರಿದರೆ ಬೇಸ್ ಸೊಟ್ಟ. ಕೊನೆಗೆ ಸೈಡ್ ಗೈಡ್‌ನ (ಹಲಗೆಯ ಅಂಚಿಗೆ ತಾಗಿ ಯಂತ್ರವನ್ನು ನೇರ ನಡೆಸುವ ಪಟ್ಟಿಯ) ಕಂಬಿಗಳನ್ನು ಹಾಕಿ ಬಿಗಿದು ಎಳೆದು ನೋಡಿ. ತೆಳ್ಳನೆಯ ಕಂಬಿ ಬಾಗುತ್ತದೆ, ಗ್ರೂವ್ ಅಂಚಿಗೆ ಸಮಾಂತರವಾಗಿ ಬರುವುದಿಲ್ಲ.

ವೇಗ ಬದಲಿಸುವ ಗುಂಡಿ ಇರಲೇಬೇಕೇ? 25 ಮಿ.ಮೀ.ಗಿಂತ ದೊಡ್ಡ ಬಿಟ್ ಹಾಕುವುದಾದರೆ ಇರಲೇಬೇಕು. 12 ಮಿ.ಮೀ. ಬಿಟ್ ನಿಮಿಷಕ್ಕೆ 22,000 ಸುತ್ತು ಓಡಿದಾಗ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 14 ಮೀಟರ್. ಅದೇ ಸುತ್ತಿನಲ್ಲಿ 50 ಮಿ.ಮೀ. ಬಿಟ್ಟಿನ ಅಂಚು 57 ಮೀಟರ್ ದಾಟುತ್ತದೆ. ಮರ ಸುಡುತ್ತದೆ, ಯಂತ್ರ ನಡುಗುತ್ತದೆ. 25 ಮಿ.ಮೀ.ವರೆಗೆ 22,000, 50ರವರೆಗೆ 18,000, ಅದಕ್ಕೂ ದೊಡ್ಡದಾದರೆ 16,000ದಿಂದ ಕೆಳಕ್ಕೆ, 70–80ರದಕ್ಕೆ 10,000–12,000 ಎಂಬುದು ರೂಢಿಯ ಲೆಕ್ಕ. ಬಿಟ್ಟಿನ ಮೇಲೆ ಗರಿಷ್ಠ ವೇಗ ಬರೆದಿದ್ದರೆ ಅದೇ ಅಂತಿಮ. ಇಂಥ ದೊಡ್ಡ ಬಿಟ್‌ಗಳನ್ನು ಕೈಯಲ್ಲಿ ಹಿಡಿದು ಓಡಿಸಬೇಡಿ, ರೂಟರ್ ಟೇಬಲ್ಲಿಗೇ ಬಿಡಿ. ಸಾಫ್ಟ್ ಸ್ಟಾರ್ಟ್ (ಮೋಟಾರು ನಿಧಾನವಾಗಿ ವೇಗ ಹಿಡಿಯುವ ಏರ್ಪಾಡು) ಇದ್ದರೆ ದೊಡ್ಡ ಯಂತ್ರ ಶುರುವಾಗುವಾಗ ಮಣಿಕಟ್ಟನ್ನು ಜಗ್ಗುವುದಿಲ್ಲ, ಹೆಚ್ಚಿನ ದುಡ್ಡು ಕೊಡಲು ಅದು ಯೋಗ್ಯ.

ಆಳದ ಸ್ಟಾಪ್ ಕಲಿಯಿರಿ

ಪ್ಲಂಜ್ ರೂಟರಿನ ಅಸಲಿ ಬೆಲೆ ಇರುವುದು ಬೇಸಿನ ಮೇಲೆ ತಿರುಗುವ ಮೆಟ್ಟಿಲು ಸ್ಟಾಪ್‌ನಲ್ಲಿ. ಪ್ಲಗ್ ತೆಗೆದು ಬಿಟ್ ಹಾಕಿ: ಶ್ಯಾಂಕ್ ಕನಿಷ್ಠ 20 ಮಿ.ಮೀ. ಒಳಗಿರಲಿ, ತಳ ಮುಟ್ಟಿಸಿ ಎರಡು ಮೂರು ಮಿಲಿಮೀಟರ್ ಹಿಂದಕ್ಕೆಳೆದು ಬಿಗಿಯಿರಿ. ತಳಕ್ಕೆ ಒತ್ತಿಕೊಂಡಿದ್ದರೆ ಕಾಲೆಟ್ ಪೂರ್ತಿ ಬಿಗಿಯದು. ಯಂತ್ರವನ್ನು ಮರದ ಮೇಲಿಟ್ಟು ಬಿಟ್ಟಿನ ತುದಿ ಮರ ಮುಟ್ಟುವವರೆಗೆ ಇಳಿಸಿ ಲಾಕ್ ಮಾಡಿ. ಎಲ್ಲಕ್ಕಿಂತ ತಗ್ಗಿನ ಮೆಟ್ಟಿಲನ್ನು ಮೋಟಾರಿನ ಜೊತೆ ಇಳಿಯುವ ಸ್ಟಾಪ್ ಕಂಬಿಯ ಕೆಳಗೆ ತನ್ನಿ. ಗ್ರೂವ್ 8 ಮಿ.ಮೀ. ಆಳ ಬೇಕೇ? 8 ಮಿ.ಮೀ. ಡ್ರಿಲ್ ಬಿಟ್ಟಿನ ನುಣ್ಣನೆಯ ಭಾಗವನ್ನು ಮೆಟ್ಟಿಲಿಗೂ ಕಂಬಿಗೂ ನಡುವೆ ಇಟ್ಟು ಕಂಬಿಯನ್ನು ಅದರ ಮೇಲೆ ಕೂರಿಸಿ ತಿರುಪು ಬಿಗಿಯಿರಿ. ಯಂತ್ರದ ಮೇಲಿನ ಗೆರೆಗಳನ್ನು ಓದುವುದಕ್ಕಿಂತ ಇದು ನಿಖರ. ಆಮೇಲೆ ಎತ್ತರದ ಮೆಟ್ಟಿಲಿಂದ ಶುರು ಮಾಡಿ, ಗ್ರೂವ್‌ನ ಉದ್ದಕ್ಕೆ ಒಂದೊಂದು ಸಲ ಓಡಿಸಿದ ಮೇಲೆ ಒಂದೊಂದು ಮೆಟ್ಟಿಲು ಇಳಿಯಿರಿ.

ಒಂದು ಸಲದ ಓಟಕ್ಕೆ ಬಿಟ್ಟಿನ ವ್ಯಾಸದ ಅರ್ಧಕ್ಕಿಂತ ಹೆಚ್ಚು ಆಳ ಬೇಡ. ತೇಗದಂಥ ಮರದಲ್ಲಿ 6 ಮಿ.ಮೀ. ಶ್ಯಾಂಕ್ ಇದ್ದರೆ 3 ಮಿ.ಮೀ.ಗೆ ನಿಲ್ಲಿಸಿ. ಹಲಗೆಯ ಹೊರ ಅಂಚು ಸವರುವಾಗ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರಾಗಿ ಸಾಗಿ. ಚೌಕಟ್ಟಿನ ಒಳ ಅಂಚಿಗೆ ಮುಳ್ಳಿನ ದಿಕ್ಕಿನಲ್ಲೇ. ದಿಕ್ಕು ತಪ್ಪಿದರೆ ಬಿಟ್ ತಾನೇ ಮುಂದಕ್ಕೆ ಓಡಿ ಯಂತ್ರವನ್ನು ಕೈಯಿಂದ ಕಿತ್ತುಕೊಳ್ಳುತ್ತದೆ.

ಟೆಂಪ್ಲೇಟ್ (ಅಚ್ಚು ಹಲಗೆ) ಇಟ್ಟು ಹಿಂಜ್ ಕೂರಿಸುವವರು ಗೈಡ್ ಬುಷ್ (ಬಿಟ್ಟಿನ ಸುತ್ತ ಬೇಸಿಗೆ ಹಾಕುವ, ಟೆಂಪ್ಲೇಟಿನ ಅಂಚಿಗೆ ತಾಗಿ ಸಾಗುವ ಬಳೆ) ಜೊತೆಗೇ ಕೇಳಿ ಪಡೆಯಿರಿ. ಬುಷ್‌ನ ಹೊರ ವ್ಯಾಸದಿಂದ ಬಿಟ್ಟಿನ ವ್ಯಾಸ ಕಳೆದು ಎರಡರಿಂದ ಭಾಗಿಸಿದರೆ ಟೆಂಪ್ಲೇಟ್ ಪ್ರತಿ ಬದಿಗೆ ಎಷ್ಟು ದೊಡ್ಡದಿರಬೇಕೆಂದು ಸಿಗುತ್ತದೆ: 30ರ ಬುಷ್, 12ರ ಬಿಟ್ ಆದರೆ 9 ಮಿ.ಮೀ.

ಯಂತ್ರಕ್ಕೆ ಎಲ್ಲ ದುಡ್ಡೂ ಸುರಿದು ಹತ್ತಾರು ಬಿಟ್‌ಗಳ ಅಗ್ಗದ ಡಬ್ಬಿ ತರುವುದಕ್ಕಿಂತ ಮೂರು ಒಳ್ಳೆಯ ಕಾರ್ಬೈಡ್ ಬಿಟ್ ಕೊಳ್ಳಿ: ಕತ್ತರಿಸುವ ವ್ಯಾಸ 6 ಮತ್ತು 12 ಮಿ.ಮೀ. ಇರುವ ಎರಡು ಸ್ಟ್ರೈಟ್, ಜೊತೆಗೆ ಅಂಚನ್ನು ಸಮನಾಗಿ ಸವರಲು ಬೇರಿಂಗ್ ಇರುವ ಒಂದು ಫ್ಲಷ್ ಟ್ರಿಮ್. 18 ಮಿ.ಮೀ. ಪ್ಲೈವುಡ್ ನಿಜಕ್ಕೂ 18 ಇರುವುದು ಅಪರೂಪ. ಆದ್ದರಿಂದ 18ರ ಬಿಟ್ ಬೇಡ, 12ರದ್ದರಲ್ಲಿ ಎರಡು ಸಲ ಓಡಿಸಿ ಹಲಗೆಗೆ ತಕ್ಕ ಅಗಲ ಮಾಡಿಕೊಳ್ಳಿ. ಸ್ಟ್ರೈಟ್ ಬಿಟ್ ಕೊಳ್ಳುವಾಗ ತಿರುಗಿಸಿ ತುದಿ ನೋಡಿ. ತಳದ ನಡುವಿಗೂ ಕತ್ತರಿಸುವ ಅಂಚು ಹಾಯ್ದಿರಬೇಕು. ಅದು ಇಲ್ಲದ ಬಿಟ್ ಮರದೊಳಗೆ ನೇರ ಇಳಿಯದು, ನಡುವಿನ ಮರವನ್ನು ಉಜ್ಜಿ ಸುಡುತ್ತದೆ. ಅಂಥದ್ದೇ ಕೈಲಿದ್ದರೆ ಯಂತ್ರವನ್ನು ಗ್ರೂವ್‌ನ ಉದ್ದಕ್ಕೆ ಹಿಂದೆ ಮುಂದೆ ನಡೆಸುತ್ತಾ ಇಳಿಜಾರಾಗಿ ಇಳಿಸಿ.